ಪದಗಳಿಗೂ ಬೇರುಗಳಿವೆ

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಸಮೀಪಿಸಿದಂತೆ ನಮ್ಮ ಮನೆಗಳಲ್ಲಿ ಇಂಗ್ಲಿಷ್ ಪದಪಟ್ಟಿಗಳ ಕಂಠಪಾಠ ಆರಂಭವಾಗುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗಂತೂ ಅದು ದೊಡ್ಡ ಹೊರೆ. ಅರ್ಥವರಿಯದೆ ಉರು ಹೊಡೆದ ಪದವು ಪರೀಕ್ಷಾ ಕೊಠಡಿಯಲ್ಲಿ ಕೈಕೊಟ್ಟಾಗ ಮಕ್ಕಳನ್ನು ದಡ್ಡರೆಂದು ಹಳಿಯುತ್ತೇವೆ. ದೋಷವಿರುವುದು ಕಲಿಕೆಯ ಕ್ರಮದಲ್ಲಿ.

ನಂಜನಗೂಡನ್ನು ಹಾದು ಬರುವ ಕಪಿಲೆಯು ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಈ ಸಂಗಮಕ್ಕೆ ಇಂಗ್ಲಿಷಿನಲ್ಲಿ 'ಕಾನ್‌ಫ್ಲುಯೆನ್ಸ್' ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ 'ಕಾನ್' ಎಂದರೆ ಒಡಗೂಡಿ, 'ಫ್ಲುಯೆರೆ' ಎಂದರೆ ಹರಿಯುವುದು. ಇದನ್ನರಿತ ಮಗುವಿಗೆ ದ್ರವವೆಂಬ 'ಫ್ಲೂಯಿಡ್', ನಿರರ್ಗಳವೆಂಬ 'ಫ್ಲುಯೆಂಟ್', ಪ್ರಭಾವವೆಂಬ 'ಇನ್‌ಫ್ಲುಯೆನ್ಸ್' ಒಂದೇ ಮನೆತನದವುಗಳೆಂದು ತಿಳಿಯುತ್ತದೆ.

ದೇವಾಲಯದಲ್ಲಿ ನಾವು ಕೇಳುವ 'ಬೆನೆಡಿಕ್ಷನ್' ಕೂಡ ಹೀಗೆಯೇ. 'ಬೆನೆ' ಎಂದರೆ ಒಳಿತು, 'ದಿಚೆರೆ' ಎಂದರೆ ನುಡಿಯುವುದು. ಮೊದಲನೆಯದರಿಂದ 'ಬೆನಿಫಿಟ್', ಎರಡನೆಯದರಿಂದ 'ಡಿಕ್ಷನರಿ', 'ಪ್ರಿಡಿಕ್ಟ್' ಚಿಗುರಿವೆ.

ದಿನಕ್ಕೊಂದು ಬೇರು, ಅದರಿಂದ 3 ಪದ, ಪ್ರತಿ ಪದಕ್ಕೂ ಒಂದು ಸ್ವಂತ ವಾಕ್ಯ. ಇಷ್ಟನ್ನು ಮಕ್ಕಳಿಂದ ಬರೆಯಿಸೋಣ. ಭಾನುವಾರ ಹಳೆಯ ಪುಟಗಳನ್ನು ತಿರುವಿ ಕೇಳೋಣ. ಇಂಗ್ಲಿಷ್ ಬಾರದ ತಾಯಿಯೂ ಅರ್ಥವನ್ನು ಕನ್ನಡದಲ್ಲಿ ಕೇಳಬಲ್ಲಳು. ಆಕೆಗೆ ತಿಳಿಯುವಂತೆ ವಿವರಿಸಿದ ಪದವನ್ನು ಮಗು ಮರೆಯಲಾರದು.