ಕಲ್ಲಿನ ತಕ್ಕಡಿ, ಕಾಗದದ ತೂಕ

ಹಂಪೆಯ ವಿಠ್ಠಲ ದೇವಾಲಯದ ಸಮೀಪದಲ್ಲಿ ಎರಡು ಕಲ್ಲುಕಂಬಗಳೂ ಅವುಗಳ ಮೇಲೊಂದು ಅಡ್ಡತೊಲೆಯೂ ನಿಂತಿವೆ. ತೊಲೆಯ ಅಡಿಯಲ್ಲಿ ಮೂರು ಕಲ್ಲಿನ ಬಳೆಗಳು. ಇದೇ ಅರಸರ ತುಲಾಭಾರದ ತಕ್ಕಡಿ. ಪರ್ವಕಾಲಗಳಲ್ಲಿ ವಿಜಯನಗರದ ದೊರೆಗಳು ಇಲ್ಲಿ ಹೊನ್ನಿಗೆ ಸಮನಾಗಿ ತೂಗಿಸಿಕೊಂಡು, ಆ ಹೊನ್ನನ್ನು ದಾನವೀಯುತ್ತಿದ್ದರೆಂದು ಪ್ರತೀತಿ. ತೂಗುವುದು ಬಯಲಿನಲ್ಲಿ, ತಟ್ಟೆ ಸಮನಾದುದನ್ನು ನೆರೆದವರು ಕಣ್ಣಾರೆ ಕಾಣಬಹುದಿತ್ತು.

ಅಲ್ಲಿಂದ ಕೆಲವೇ ಮೈಲಿ ದೂರದ ಹೊಸಪೇಟೆಯಲ್ಲಾಗಲಿ, ಸಂಡೂರು ಕಂಪ್ಲಿಗಳಲ್ಲಾಗಲಿ, ಇಂದಿನ ಗೃಹಿಣಿ ಬೇಳೆ, ಬಿಸ್ಕತ್ತು, ಚಹಾಪುಡಿಗಳನ್ನು ಕೊಳ್ಳುವುದು ಪೊಟ್ಟಣದಲ್ಲಿ. ಆ ಪೊಟ್ಟಣವನ್ನು ತೂಗಿದ ತಕ್ಕಡಿಯನ್ನು ಆಕೆ ಕಂಡವಳಲ್ಲ. ಮೇಲೆ ಅಚ್ಚಾದ ಅಂಕಿಯೇ ಆಕೆಗೆ ಆಧಾರ.

ಸೇರು, ಮಣಗಳು ಊರಿಗೊಂದು ಬಗೆಯಾಗಿದ್ದ ಗೊಂದಲವನ್ನು ನೀಗಲು 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂದಿತು. ಪೊಟ್ಟಣಗಳಿಗೆಂದೇ ನಿಯಮಗಳಾದದ್ದು 1977ರಲ್ಲಿ. ಈಗ ನಡೆಯುತ್ತಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು ಅದರಡಿಯ 2011ರ ನಿಯಮಗಳು.

ಪರೀಕ್ಷೆಗೆ ಬಂದ ಅಧಿಕಾರಿ ಒಂದೇ ಪೊಟ್ಟಣವನ್ನು ನೋಡಿ ತೀರ್ಪು ಕೊಡುವುದಿಲ್ಲ. ರಾಶಿಯಿಂದ ಹಲವನ್ನು ಆಯ್ದು, ಹೊದಿಕೆಯ ತೂಕವನ್ನು ಕಳೆದು, ಒಳಗಿನ ಪದಾರ್ಥದ ನಿವ್ವಳ ತೂಕವನ್ನು ಲೆಕ್ಕ ಹಾಕುತ್ತಾನೆ. ಯಂತ್ರವೂ ತುಸು ತಪ್ಪಬಹುದೆಂದು ನಿಯಮ ಒಪ್ಪುತ್ತದೆ: 100 ಗ್ರಾಮಿಗೆ 4.5 ಗ್ರಾಂ, ಅರ್ಧ ಕಿಲೋವಿಗೆ 15 ಗ್ರಾಂ ವ್ಯತ್ಯಾಸ ಸಹ್ಯ. ಆದರೆ ಒಟ್ಟು ಸರಾಸರಿ ಮಾತ್ರ ಅಚ್ಚಾದ ತೂಕಕ್ಕಿಂತ ಇಳಿಯಬಾರದು. ಒಂದರಲ್ಲಿ ಕಡಮೆಯಾದುದು ಇನ್ನೊಂದರಲ್ಲಿ ತುಂಬಿಬರಬೇಕು. ಸಹ್ಯವಾದ ತಪ್ಪು ಲಾಭದ ದಾರಿಯಾಗಕೂಡದೆಂಬುದೇ ಇದರ ಮರ್ಮ. ತೂಕದಲ್ಲಿ ತಪ್ಪಿದವರಿಗೆ ಮೂಲ ಕಾಯ್ದೆಯ 36ನೆಯ ಕಲಮು 10,000ದಿಂದ 50,000 ರೂಪಾಯಿಗಳ ದಂಡವನ್ನು, ಮರುಕಳಿಸಿದರೆ ಲಕ್ಷ ರೂಪಾಯಿಯವರೆಗಿನ ದಂಡವನ್ನೋ ಒಂದು ವರ್ಷದವರೆಗಿನ ಸೆರೆವಾಸವನ್ನೋ ಎರಡನ್ನೂ ಒಟ್ಟಾಗಿಯೋ ವಿಧಿಸಿತು.

ಎರಡು ಗ್ರಾಮಿಗಾಗಿ ಇಷ್ಟೊಂದು ರಂಪವೇಕೆಂದು ಕೇಳುವವರುಂಟು. ನೆರೆಯ ತಮಿಳುನಾಡಿನ ತಿರುವಳ್ಳೂರಿನಲ್ಲಿ 2023ರಲ್ಲಿ ಇತ್ಯರ್ಥವಾದ ಮೊಕದ್ದಮೆ ಅವರಿಗೆ ಉತ್ತರವಾಗಬಲ್ಲುದು. ಹದಿನಾರು ಬಿಸ್ಕತ್ತುಗಳೆಂದು ಅಚ್ಚಾಗಿದ್ದ ಪೊಟ್ಟಣದಲ್ಲಿ ಹದಿನೈದೇ ಇದ್ದವು. ಮಾರಾಟ ತೂಕದ ಮೇಲೆಯೇ ಹೊರತು ಎಣಿಕೆಯ ಮೇಲಲ್ಲವೆಂದು ಕಂಪನಿ ವಾದಿಸಿತು. ತೂಗಿ ನೋಡಿದರೆ 76 ಗ್ರಾಮಿನ ಬದಲು 74 ಗ್ರಾಂ! ಅದು ಸಹ್ಯ ವ್ಯತ್ಯಾಸವೆಂಬ ಸಮಾಧಾನವನ್ನು ಜಿಲ್ಲಾ ಗ್ರಾಹಕ ಆಯೋಗ ಒಪ್ಪದೆ, ದೂರಿದಾತನಿಗೆ ಒಂದು ಲಕ್ಷ ರೂಪಾಯಿ ಪರಿಹಾರವೀಯುವಂತೆ ಆಜ್ಞಾಪಿಸಿತು. ಪೊಟ್ಟಣಕ್ಕೆ ಎರಡೇ ಗ್ರಾಂ ನಿಜ. ಲಕ್ಷ ಪೊಟ್ಟಣಗಳಿಗೆ ಅದು ಎರಡು ಕ್ವಿಂಟಾಲ್.

ಸಂಶಯ ಬಂದ ಪೊಟ್ಟಣವನ್ನು ಒಡೆಯದೆ, ರಸೀತಿಯೊಡನೆ ಜೋಪಾನವಾಗಿಟ್ಟು, ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೂ ಕರೆಮಾಡಬಹುದು. ಹಂಪೆಯ ತಕ್ಕಡಿ ದೊರೆಯ ದಾನಕ್ಕೆ ಸಾಕ್ಷಿಯಾಯಿತು. ಪೊಟ್ಟಣದ ಅಂಕಿ ದಾನದ ಮಾತಲ್ಲ. ಹಣ ತೆತ್ತು ಕೊಂಡವರ ಹಕ್ಕು.