ನಿಮಗಿದು ಗೊತ್ತೆ? ಕಂಡ ತಾರೆಯನ್ನು ನೆನಪಿಡುವ ದೂರದರ್ಶಕ

ಭೂಮಿಯು 23 ಗಂಟೆ 56 ನಿಮಿಷ 4 ಸೆಕೆಂಡುಗಳಿಗೊಮ್ಮೆ ತನ್ನ ಅಕ್ಷದ ಮೇಲೆ ಆವರ್ತಿಸುತ್ತಿರುವ ಕಾರಣ, ಸ್ಥಿರವಾಗಿ ನಿಲ್ಲಿಸಿದ ದೂರದರ್ಶಕದಲ್ಲಿ 200 ಪಟ್ಟು ವರ್ಧಿಸಿ ನೋಡುತ್ತಿರುವ ಶನಿಗ್ರಹವು ಸುಮಾರು ಒಂದೇ ನಿಮಿಷದಲ್ಲಿ ದೃಷ್ಟಿಪಥದಿಂದ ಜಾರಿಹೋಗುವುದು. ಗಣಕಯಂತ್ರವುಳ್ಳ ದೂರದರ್ಶಕಕ್ಕಾದರೋ, ಸ್ಥಳವನ್ನೂ ವೇಳೆಯನ್ನೂ ತಿಳಿಸಿ, ಸ್ವಾತಿ, ಅಭಿಜಿತ್‌ಗಳಂತಹ ಎರಡು ಉಜ್ಜ್ವಲ ನಕ್ಷತ್ರಗಳನ್ನು ಒಂದಾದ ಮೇಲೊಂದರಂತೆ ನೋಟದ ನಡುವಿಗೆ ತಂದು ಪರಿಚಯಿಸಿಕೊಟ್ಟರೆ ಸಾಕು. ಆಕಾಶದ ಸಮಗ್ರ ವಿನ್ಯಾಸವನ್ನು ಅದು ತಾನೇ ಗಣಿಸಿಕೊಂಡು, ಎರಡು ಅಕ್ಷಗಳ ಮೋಟಾರುಗಳನ್ನು ನಡೆಸುತ್ತ, ಸೆಕೆಂಡಿಗೆ ಸುಮಾರು 15 ವಿಕಲೆಗಳಂತೆ ಪಶ್ಚಿಮಕ್ಕೆ ಸರಿಯುವ ಆಕಾಶವನ್ನು ಹಿಂಬಾಲಿಸುತ್ತದೆ.

ಇದಕ್ಕಿಂತಲೂ ಶ್ಲಾಘ್ಯವಾದುದು ಅದರ ಸ್ಮರಣಶಕ್ತಿ. ಯಂತ್ರದಲ್ಲಿರುವ ಆಕಾಶಕಾಯಗಳ ಪಟ್ಟಿಯಲ್ಲಿಲ್ಲದ ಮಸುಕು ಜ್ಯೋತಿಯೊಂದು ಕಣ್ಣಿಗೆ ಬಿದ್ದಾಗ ವೀಕ್ಷಕನು ಕೈಯಲ್ಲಿರುವ ನಿಯಂತ್ರಕದ ಗುಂಡಿಯನ್ನೊತ್ತಿ ಅದನ್ನು ಉಳಿಸಿಡಬಹುದು. ಆಗ ಯಂತ್ರವು ಕಾದಿಡುವುದು, ಭೂಪಟದ ರೇಖಾಂಶ, ಅಕ್ಷಾಂಶಗಳಿದ್ದಂತೆ ವಿಷುವದಂಶ, ಘಂಟಾವೃತ್ತಾಂಶಗಳೆಂಬ ಎರಡು ಸಂಖ್ಯೆಗಳನ್ನಷ್ಟೆ. ಮರುರಾತ್ರಿ ಅವನ್ನು ಕರೆದೊಡನೆ ನಳಿಗೆಯು ತಾನಾಗಿ ತಿರುಗಿ ಅದೇ ತಾಣಕ್ಕೆ ಗುರಿಯಿಡುವುದು. ನೀಹಾರಿಕೆಗೆ ಈ ವಿಳಾಸವು ವರ್ಷಗಟ್ಟಲೆ ಸಲ್ಲುತ್ತದೆ. ದಿನದಿನವೂ ಚಲಿಸುವ ಧೂಮಕೇತುವಿಗೆ ಸಲ್ಲದು. ಆದುದರಿಂದ ಧೂಮಕೇತುವನ್ನು ಉಳಿಸಿಡುವವರು ದಿನಾಂಕವನ್ನೂ ವೇಳೆಯನ್ನೂ ಜೊತೆಗೆ ಬರೆದಿಟ್ಟುಕೊಳ್ಳತಕ್ಕದ್ದು.