ಹಬ್ಬದ ಚರ್ಚಿಗೆ ತೆರೆದ ಬಾಗಿಲು

ಭತ್ತದ ಒಣಹುಲ್ಲು, ಉರಿಯುವ ಮೇಣದಬತ್ತಿ, ಕಾಲಿಡಲು ಜಾಗವಿಲ್ಲದಷ್ಟು ಜನ. ಈ ಮೂರೂ ಚರ್ಚಿನೊಳಗೆ ಒಟ್ಟಿಗೆ ಸೇರುವುದು ಕ್ರಿಸ್‌ಮಸ್ ಹೊತ್ತಿನಲ್ಲಿ. ಹಬ್ಬದ ಸುರಕ್ಷತೆ ಎಂದರೆ ಬಹುಮಟ್ಟಿಗೆ ಇವನ್ನು ಒಂದರಿಂದೊಂದು ದೂರ ಇಡುವ ಕೆಲಸ.

ಯೇಸುವಿನ ಜನನದ ದೃಶ್ಯವನ್ನು ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊ ಊರಿನಲ್ಲಿ 1223ರಲ್ಲಿ ಏರ್ಪಡಿಸಿದಾಗ ಅಲ್ಲಿ ಹುಲ್ಲು ತುಂಬಿದ ಗೋದಲಿಯೂ ನಿಜವಾದ ಎತ್ತು, ಕತ್ತೆಗಳೂ ಇದ್ದವು. ಇಂದಿನ ಗೋದಲಿಗೆ ಹುಲ್ಲಿನ ಜೊತೆ ಬಣ್ಣ ಬಳಿದ ಕಾಗದದ ಬಂಡೆ, ಗಾಳಿಮರದ ಟೊಂಗೆ, ಹತ್ತಿಯ ಹಿಮ (ಹಿಮವನ್ನೇ ಕಾಣದ ಕರಾವಳಿಯಲ್ಲೂ!) ಎಲ್ಲವೂ ಬೇಕು. ಇವುಗಳ ನಡುವೆ ನುಸುಳುವ ಸೀರಿಯಲ್ ಸೆಟ್‌ನ ವೈರಿನಲ್ಲಿ ಟೇಪು ಸುತ್ತಿದ ಜೋಡಣೆಯೊಂದಿದ್ದರೆ ಕಿಡಿ ಹೊತ್ತಿಕೊಳ್ಳಲು ಅಷ್ಟೇ ಸಾಕು. ಒಂದು ಎಕ್ಸ್‌ಟೆನ್ಷನ್ ಬಾಕ್ಸಿಗೆ ಇನ್ನೊಂದನ್ನು ಸಿಕ್ಕಿಸುತ್ತ ಹೋಗುವುದೂ ಅಪಾಯ. ಭಾರ ಹೆಚ್ಚಿದಂತೆ ವೈರು ಒಳಗೇ ಕಾಯುತ್ತದೆ. ಎಲ್‌ಇಡಿ ದೀಪ ಕಡಿಮೆ ಬಿಸಿಯಾಗುತ್ತದೆ ನಿಜ, ಆದರೆ ಸಡಿಲ ಜೋಡಣೆಯನ್ನು ಅದೇನೂ ಸರಿಪಡಿಸುವುದಿಲ್ಲ. ರಾತ್ರಿ ಬಾಗಿಲು ಹಾಕುವ ಮುಂಚೆ ಅಲಂಕಾರದ ದೀಪಗಳ ಸ್ವಿಚ್ ಆರಿಸಬೇಕು, ಮೇಣದಬತ್ತಿಗಳನ್ನು ನಂದಿಸಬೇಕು.

ಬೆಂಕಿಗಿಂತ ಬಾಗಿಲೇ ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳಬಲ್ಲದು ಎಂಬುದನ್ನು ಚಿಲಿ ದೇಶದ ಸಾಂಟಿಯಾಗೊ ನಗರ ಕಂಡಿದೆ. 1863ರ ಡಿಸೆಂಬರ್ 8ರ ಸಂಜೆ ಅಲ್ಲಿನ ಲಾ ಕಂಪನಿಯಾ ಚರ್ಚಿನಲ್ಲಿ ಮರಿಯಮ್ಮನ ಹಬ್ಬದ ಪೂಜೆ ನಡೆಯಬೇಕಿತ್ತು. ಬಲಿಪೀಠದ ಬಳಿಯ ದೀಪದಿಂದ ಬೆಂಕಿ ಬಟ್ಟೆಯ ಅಲಂಕಾರಕ್ಕೆ ಹತ್ತಿ ಮರದ ಮೇಲ್ಚಾವಣಿಗೆ ಏರಿತು. ಒಳಗಿದ್ದವರಲ್ಲಿ ಬಹುಪಾಲು ಹೆಂಗಸರು. ಅವರ ಅಗಲವಾದ ಲಂಗಗಳೇ ಓಟಕ್ಕೆ ಅಡ್ಡಿಯಾದವು. ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲುಗಳು ಕಟ್ಟಿಕೊಂಡವು. ಸತ್ತವರು ಎರಡು ಸಾವಿರಕ್ಕೂ ಹೆಚ್ಚು. ಅದೇ ತಿಂಗಳ 20ರಂದು ನಗರದ ಸ್ವಯಂಸೇವಕ ಅಗ್ನಿಶಾಮಕ ದಳ ಹುಟ್ಟಿತು. ಚರ್ಚನ್ನು ಮತ್ತೆ ಕಟ್ಟಲಿಲ್ಲ.

ನಮ್ಮಲ್ಲಿ ಬಾಗಿಲು ಮುಚ್ಚಿಹೋಗುವ ಬಗೆ ಬೇರೆ. ಜನ ಹೆಚ್ಚಾದರೆಂದು ನಡುವಿನ ಹಾದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಸಾಲಾಗುತ್ತದೆ, ಪಕ್ಕದ ಬಾಗಿಲಿಗೆ ಸ್ಪೀಕರ್ ಒರಗುತ್ತದೆ, ಅದರ ಹೊರಗೆ ಬೈಕುಗಳು ನಿಲ್ಲುತ್ತವೆ. ಕಳ್ಳರ ಭಯಕ್ಕೆ ಬೀಗ ಹಾಕಿದ ಬಾಗಿಲಿನ ಕೀಲಿಕೈ ಪೂಜೆಯ ಹೊತ್ತಿನಲ್ಲಿ ಯಾರ ಬಳಿ ಇದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಕಾಣಿಕೆ ಡಬ್ಬಿಯನ್ನು ಕಾಯುವುದಕ್ಕೆ ಬೇರೆ ದಾರಿಗಳಿವೆ. ಜನ ಒಳಗಿರುವಷ್ಟು ಹೊತ್ತು ಬೀಗ ತೆಗೆದಿರಲೇಬೇಕು. ಮಂಗಳೂರು ಕಡೆಯ ಚರ್ಚುಗಳಲ್ಲಿ ಪ್ರತಿ ವಾಳೆಗೂ, ಅಂದರೆ ಚರ್ಚಿನ ವ್ಯಾಪ್ತಿಯ ಒಂದೊಂದು ವಾರ್ಡಿಗೂ, ಗುರಿಕಾರರೆಂಬ ಮುಖಂಡರಿರುತ್ತಾರೆ. ಒಂದೊಂದು ಬಾಗಿಲನ್ನು ಒಬ್ಬೊಬ್ಬರಿಗೆ ವಹಿಸಲು ಇದಕ್ಕಿಂತ ಅನುಕೂಲದ ವ್ಯವಸ್ಥೆ ಬೇಕಿಲ್ಲ. 24ರ ರಾತ್ರಿಯ ಬಲಿಪೂಜೆಯನ್ನು ಮೈದಾನದಲ್ಲಿ ನಡೆಸುವ ರೂಢಿಯೂ ಒಳಗಿನ ನೂಕುನುಗ್ಗಲನ್ನು ತಪ್ಪಿಸುತ್ತದೆ.

ಕರೆಂಟಿನಿಂದ ಹೊತ್ತಿದ ಬೆಂಕಿಗೆ ನೀರು ಸುರಿಯಬಾರದು. ಮೊದಲು ಮೇನ್ ಸ್ವಿಚ್ ಆರಿಸಿ, ಒಣಪುಡಿಯ ಇಲ್ಲವೇ ಕಾರ್ಬನ್ ಡೈಆಕ್ಸೈಡ್‌ನ ನಂದಕ ಬಳಸಬೇಕು. ಅದು ಗೋದಲಿಯ ಹಿಂದೆ ಮರೆಯಾಗಿದ್ದರೆ ಇದ್ದೂ ಇಲ್ಲದಂತೆ. ಬೆಂಕಿ ಹಬ್ಬುತ್ತಿದ್ದರೆ ಅದರೊಡನೆ ಸೆಣಸದೆ ಜನರನ್ನು ಹೊರಗೆ ಕಳಿಸಿ, 101 ಅಥವಾ 112ಕ್ಕೆ ಕರೆ ಮಾಡಬೇಕು.

ಗೋದಲಿ ಸಾಮಾನ್ಯವಾಗಿ ಜನವರಿ 6ರ ಮೂರು ರಾಯರ ಹಬ್ಬದವರೆಗೆ ಇರುತ್ತದೆ. ಡಿಸೆಂಬರಿನಲ್ಲಿ ಹಸಿಯಾಗಿದ್ದ ಟೊಂಗೆ ಆ ಹೊತ್ತಿಗೆ ಸೌದೆಯಾಗಿರುತ್ತದೆ.